ಹೇಂಟೆಗೆ ಕಟ್ಟಿದ ಬಟ್ಟೆ

"ಗುರುಗಳೇ, ನಾನು ಹೆಮ್ಮೆ ಪಟ್ಟದ್ದು ತಪ್ಪೇ?" ಎಂದು ಶಿಷ್ಯ ಕೇಳಿದ. "ಕುಡಿದು ಬೀದಿಯಲ್ಲಿ ಬಿದ್ದಿರುತ್ತಿದ್ದ ಕಮ್ಮಾರ ಕಾಳಾಚಾರಿಯನ್ನು ಎತ್ತಿ ತಂದು ಮನುಷ್ಯನನ್ನಾಗಿ ಮಾಡಿದೆ. ಕುಡಿತ ಬಿಟ್ಟ, ಕುಲುಮೆಗೆ ಮರಳಿದ. ಮಠಕ್ಕೆ ಬಂದವರಿಗೆಲ್ಲ ಅವನನ್ನು ಕರೆದು ತೋರಿಸಿದೆ. ಈಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ನಿನ್ನೆ ಮತ್ತೆ ಹೆಂಡದಂಗಡಿಯ ಮುಂದೆ ನಿಂತಿದ್ದನಂತೆ."

"ಹೆಮ್ಮೆ ಪಡದೆ ಇರಲು ನೀನೇನು ಕಲ್ಲೇನಯ್ಯಾ? ಕೂತು ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ರೈತ ಹೆಂಗಸು ಇದ್ದಳು. ಅವಳ ಹೇಂಟೆಯ ಮರಿಗಳ ಮೇಲೆ ಮುಂಗುಸಿ ಬಿತ್ತು. ಹೇಂಟೆ ಹೆದರಿ ಓಡಲಿಲ್ಲ, ಎದುರು ನಿಂತು ಕಾದಾಡಿತು. ಮರಿಗಳು ಉಳಿದವು. ಅದರ ಬೆನ್ನಿನ ಚರ್ಮ ಮಾತ್ರ ಹರಿದುಹೋಯಿತು. ನೆರೆಯವರು, "ಇದು ಬದುಕುವ ಹಾಗಿಲ್ಲ, ಸಾರಿಗೆ ಹಾಕಿಬಿಡು" ಎಂದರು. "ಮಕ್ಕಳಿಗಾಗಿ ಹೊಡೆದಾಡಿದವಳನ್ನೇ? ನಿಮ್ಮ ಬಾಯಿಗೆ ಮಣ್ಣು ಹಾಕ!" ಎಂದಳು ಅವಳು.

ಗಾಯದ ಸುತ್ತಲಿನ ಪುಕ್ಕ ಕತ್ತರಿಸಿದಳು. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ಮಣ್ಣನ್ನೂ ರಕ್ತವನ್ನೂ ತೊಳೆದಳು. ಕೊಳೆಯ ಮೇಲೆಯೇ ಅರಿಸಿನ ಮೆತ್ತಿ ಕೈ ತೊಳೆದುಕೊಳ್ಳುವ ಹೆಂಗಸಲ್ಲ ಅವಳು. ಗಾಯ ಶುಚಿಯಾದ ಮೇಲೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ರಕ್ತ ಕಂಡರೆ ಬೇರೆ ಕೋಳಿಗಳು ಕುಕ್ಕುತ್ತವೆಂದು ಅದೊಂದನ್ನೇ ಬಿದಿರಿನ ಮಂಕರಿಯ ಕೆಳಗೆ ಇಟ್ಟಳು. ಹೇಂಟೆ ನೀರು ಕುಡಿಯಿತು, ಕಾಳು ಹೆಕ್ಕಿತು. ಭಲೇ ಎನ್ನಬೇಕು ಅವಳಿಗೆ! ನಾನಂತೂ ಎನ್ನುತ್ತೇನೆ.

ಸುದ್ದಿ ಊರೆಲ್ಲ ಹಬ್ಬಿತು. "ಏನು ಕೈಗುಣವಮ್ಮಾ ನಿನ್ನದು!" ಎಂದು ಹೆಂಗಸರು ನೋಡಲು ಬಂದರು. ಅವಳು ಹಿಗ್ಗಿ ಹೀರೇಕಾಯಿಯಾದಳು. ಒಬ್ಬರು ಬಂದರೆ ಮಂಕರಿ ಎತ್ತುವಳು, ಬಟ್ಟೆ ಬಿಚ್ಚುವಳು, "ಇಷ್ಟುದ್ದ ಹರಿದಿತ್ತು, ಈಗ ನೋಡಿ" ಎನ್ನುವಳು. ಇನ್ನೊಬ್ಬರು ಬಂದರೆ ಮತ್ತೆ ಬಿಚ್ಚುವಳು. ಅಂಟಿದ ಬಟ್ಟೆಯೊಂದಿಗೆ ಹೊಸ ಚರ್ಮವೂ ಕಿತ್ತು ಬರುತ್ತಿತ್ತು. ಹಸಿ ಗಾಯದ ಮೇಲೆ ನೊಣಗಳು ಕೂತವು. ಕೀವು ತುಂಬಿತು. ಹೇಂಟೆ ಕಾಳು ಮುಟ್ಟದಾಯಿತು. ಮಂಕರಿ ಎತ್ತಿದರೆ ಸಾಕು, ಅವಳ ಕೈ ತಪ್ಪಿಸಿಕೊಂಡು ಮೂಲೆಗೆ ಓಡುತ್ತಿತ್ತು.

ಅವಳು ಅತ್ತೆಯ ಮುಂದೆ ಕೂತು ಅತ್ತಳು. "ನನ್ನ ಕೈಗುಣ ಎಲ್ಲಿ ಹೋಯಿತತ್ತೆ? ಇದು ಸತ್ತರೆ ಈ ಮರಿಗಳ ಮುಖ ಹೇಗೆ ನೋಡಲಿ?"

"ನಿನ್ನ ಕೈಗುಣ ಎಲ್ಲೂ ಹೋಗಿಲ್ಲ ಕಣೇ. ಬಂದವರಿಗೆ ಮಜ್ಜಿಗೆ ಕೊಟ್ಟು ಕಳಿಸು. ಕೋಳಿ ತೋರಿಸಬೇಡ" ಎಂದಳು ಅತ್ತೆ.

ಅಂದಿನಿಂದ ಅವಳು ಬಾಗಿಲು ಹಾಕಿಕೊಂಡು, ಬಟ್ಟೆಯನ್ನು ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ, ಗಾಯ ತೊಳೆದು ಕಟ್ಟಿದಳು. ಬಂದವರು ಮಜ್ಜಿಗೆ ಕುಡಿದು ಹೋದರು. ಕೆಲವರು ಅವಳಿಗೆ ಸೊಕ್ಕು ಬಂತೆಂದರು. ಅನ್ನಲಿ ಬಿಡು. ಗಾಯ ಮಾಯಿತು, ಪುಕ್ಕ ಬಂತು. ಹೇಂಟೆ ಮರಿಗಳನ್ನು ಕಟ್ಟಿಕೊಂಡು ಬೀದಿಗೆ ಇಳಿಯಿತು. ದಾರಿಹೋಕನೊಬ್ಬ ನೋಡಿ, "ಈ ಕೋಳಿಗೆ ಗಾಯವಾಗಿತ್ತೇ? ಯಾರೋ ಸುಳ್ಳು ಹೇಳಿದ್ದಾರೆ" ಎಂದ. ಅವಳು ತುಟಿ ಬಿಚ್ಚಲಿಲ್ಲ. ಆದರೆ ಅಂದು ಆದಷ್ಟು ಹೆಮ್ಮೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಕತೆ ಮುಗಿಯಿತು. ಶಿಷ್ಯ ತಲೆ ತಗ್ಗಿಸಿ, "ಹಾಗಾದರೆ ಬಂದವರಿಗೆ ಕಾಳಾಚಾರಿಯ ವಿಷಯ ಏನು ಹೇಳಲಿ?" ಎಂದು ಕೇಳಿದ.

"ಒಳ್ಳೆಯ ಕಮ್ಮಾರ ಎನ್ನು, ಅಷ್ಟೇ" ಎಂದರು ಗುರುಗಳು.