ಉಗುರುಬೆಚ್ಚಗಿನ ನೀರು, ಸಪ್ಪೆ ಪಾಯಸ

“ಬಚ್ಚಲೊಲೆಗೆ ಇಷ್ಟೊಂದು ಸೌದೆ ಸುಡುವವರು ಪೆದ್ದರು!” ಎಂದು ಕಲ್ಲೂರುಕೋಟೆಯ ದೊರೆ ಮಲ್ಲರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. “ಉಗುರುಬೆಚ್ಚಗಿನ ನೀರಿಗೆ ಅಂಥದೇ ಇನ್ನೊಂದು ಕೊಡ ಸುರಿಯಿರಿ. ನೀರೂ ಎರಡರಷ್ಟು, ಬಿಸಿಯೂ ಎರಡರಷ್ಟು!”

“ಆಹಾ, ಎಂಥ ಬುದ್ಧಿ!” ಎಂದು ಸಭೆಯ ಪಂಡಿತರೆಲ್ಲ ತಲೆದೂಗಿದರು.

ಮರುದಿನ ಮೈ ಕೊರೆಯುವ ಚಳಿ. ನೀರು ಕಾಯಿಸುವ ಗಿರಿಯವ್ವ ಅಪ್ಪಣೆಯಂತೆ ಕೊಡದ ಮೇಲೆ ಕೊಡ ಸುರಿದಳು. ಹಂಡೆ ತುಂಬಿತು, ಬಿಸಿ ಮಾತ್ರ ಹೆಚ್ಚಲಿಲ್ಲ. ದೊರೆಯ ಹಲ್ಲು ಕಟಕಟ ಅಂದವು.

“ಬಿಸಿ ಕದ್ದಿದ್ದೀಯ! ಸಂಜೆಯೊಳಗೆ ಊರು ಬಿಡು!”

ಗಿರಿಯವ್ವ ಅಳುತ್ತಾ ಆಸ್ಥಾನದ ವಿನೋದಗಾರ ಪದ್ಮಣ್ಣನ ಮನೆಗೆ ಓಡಿದಳು. “ಅಣ್ಣಾ, ಬಿಸೀನ ಸೆರಗಲ್ಲಿ ಕಟ್ಕೊಂಡು ಹೋಗೋಕಾಗ್ತದಾ? ಈ ವಯಸ್ಸಲ್ಲಿ ಎಲ್ಲಿಗೆ ಹೋಗಲಿ?”

“ಅಳಬೇಡವ್ವ. ಇವತ್ತು ದೊರೆಗೆ ಪಾಯಸ ನಾನೇ ಮಾಡ್ತೀನಿ.”

ಮಧ್ಯಾಹ್ನ ಪಂಡಿತರೊಂದಿಗೆ ಊಟಕ್ಕೆ ಕೂತ ಮಲ್ಲರಸ ಪಾಯಸವನ್ನು ಒಂದು ಗುಟುಕು ಕುಡಿದು ಮುಖ ಹಿಂಡಿದ. “ಏನಯ್ಯಾ ಪದ್ಮಣ್ಣ, ಬರೀ ಸಪ್ಪೆ!”

“ಸರಿಮಾಡ್ತೀನಿ, ಪ್ರಭು.” ಅದೇ ಪಾತ್ರೆಯಿಂದ ಇನ್ನೊಂದು ಸೌಟು ಬಿತ್ತು.

“ಈಗಲೂ ಸಪ್ಪೆಯೇ!”

ಮತ್ತೊಂದು ಸೌಟು. “ಈಗ ಸಿಹಿ ಮೂರರಷ್ಟಾಗಿರಬೇಕಲ್ಲ, ಪ್ರಭು?”

ದೊರೆ ರೇಗಿದ. “ಅದನ್ನೇ ಎಷ್ಟು ಬಡಿಸಿದರೂ ಹೊಟ್ಟೆ ತುಂಬೀತು, ಸಿಹಿ ಹೇಗಯ್ಯಾ ಹೆಚ್ಚುತ್ತೆ? ಬೆಲ್ಲ ಹಾಕು, ಬೆಲ್ಲ!”

ಪದ್ಮಣ್ಣ ಸೌಟು ಕೆಳಗಿಟ್ಟು ಕೈಮುಗಿದ. “ಹಾಗಾದರೆ ನನಗೂ ಅಪ್ಪಣೆ ಕೊಡಿ, ಪ್ರಭು. ಗಿರಿಯವ್ವನ ಜೊತೆ ನಾನೂ ಊರು ಬಿಡ್ತೀನಿ. ಅವಳು ಬಿಸಿ ಕದ್ದಳು, ನಾನು ಸಿಹಿ ಕದ್ದೆ.”

ದೊರೆಗೆ ತನ್ನ ಮಾತೇ ನೆನಪಾಯಿತು. ಕಿವಿ ಕೆಂಪಾಯಿತು. ಆಮೇಲೆ ನಗು ಉಕ್ಕಿ ಬಂತು, ಕಣ್ಣಲ್ಲಿ ನೀರು ಬರುವಷ್ಟು.

“ಗಿರಿಯವ್ವನನ್ನು ಕರೆಸಿ! ಅವಳಿಗೊಂದು ಒಳ್ಳೆಯ ಕಂಬಳಿ ಕೊಡಿ. ಒಲೆಗೆ ಸೌದೆ ಹಾಕಿ!” ಎಂದವನು ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಪಂಡಿತರತ್ತ ತಿರುಗಿದ. “ನಿಮ್ಮಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವೇ? ಪದ್ಮಣ್ಣ, ಇಂಥವರೇ ಇನ್ನೂ ಹತ್ತು ಮಂದಿಯನ್ನು ಸೇರಿಸಿಕೊಂಡರೆ ಸಭೆಯಲ್ಲಿ ಏನಯ್ಯಾ ಹೆಚ್ಚುತ್ತೆ?”

“ಊಟದ ಎಲೆ, ಪ್ರಭು.”