ಸೂಜವ್ವ ತೀರಿಸಿದ ಮುಯ್ಯಿ

ಒಂದು ಕಾಡಿನ ನಟ್ಟನಡುವೆ ಮುಳ್ಳುಹಂದಿ ಸೂಜವ್ವ ದಾರಿ ತಪ್ಪಿ ನಿಂತಿದ್ದಳು. ಕಾಡಿಗೆಲ್ಲ ಕೆಮ್ಮಿನ ಬೇನೆ ಬಂದು, ಯಾರೂ ಗೂಡು ಬಿಟ್ಟು ಹೊರಡಬಾರದೆಂದು ಆನೆರಾಜ ಅಪ್ಪಣೆ ಮಾಡಿದ್ದ. ಸಂತೆ ನಿಂತಿತ್ತು. ಕೊಯ್ದ ಅವರೆಕಾಯಿ ಬುಟ್ಟಿಯಲ್ಲೇ ಕೊಳೆತಿತ್ತು. ನಡೆಯುವವರಿಲ್ಲದೆ ದಾರಿಯ ಮೇಲೂ ಹುಲ್ಲು ಬೆಳೆದಿತ್ತು. ಈಗ ಬೇನೆ ಇಳಿದು, ನಷ್ಟವಾದ ಬೇಸಾಯಗಾರರಿಗೆ ಅರಮನೆಯ ಉಗ್ರಾಣದಿಂದ ಒಂದೊಂದು ಮೂಟೆ ರಾಗಿ ಪರಿಹಾರ ಎಂದು ಡಂಗುರವಾಗಿತ್ತು. ಸೂಜವ್ವ ಕೂಡಿಟ್ಟ ರಾಗಿಯೆಲ್ಲ ಕೂತು ತಿಂದು ಮುಗಿದಿತ್ತು. ಆ ದಿನ ಸಂಜೆಯೊಳಗೆ ಉಗ್ರಾಣ ಮುಟ್ಟದಿದ್ದರೆ ಈ ಸಲ ಬಿತ್ತಲು ಅವಳಿಗೆ ಒಂದು ಕಾಳೂ ಸಿಗುತ್ತಿರಲಿಲ್ಲ.

ಬಂಡೆಯ ಮೇಲೆ ನರಿ ಹೊಂಚಪ್ಪ ಬಿಸಿಲು ಕಾಯಿಸಿಕೊಳ್ಳುತ್ತಿದ್ದ.

“ಉಗ್ರಾಣಕ್ಕೆ ಹೆಂಗೆ ಹೋಗಬೇಕಣ್ಣ?” ಎಂದು ಸೂಜವ್ವ ಕೇಳಿದಳು.

“ಪರಿಹಾರಕ್ಕೇನಕ್ಕ? ಹೊಲ ಎಲ್ಲಿ ನಿಂದು?”

“ಹಳ್ಳದ ದಂಡೆಗೆ, ಹುಣಸೆಮರದ ಪಕ್ಕ. ರಾಗಿ ನಡುವೆ ಸಾಲು ಬಿಟ್ಟು ಅವರೆ ಹಾಕಿದ್ದೆ.”

ನರಿ ಕಿವಿ ನಿಮಿರಿಸಿ ಎಲ್ಲ ಕೇಳಿಕೊಂಡ. “ಹಿಂಗೇ ಎಡಕ್ಕೆ ಇಳಿದುಬಿಡಕ್ಕ, ಉಗ್ರಾಣ ಸಿಗುತ್ತೆ,” ಎಂದ.

ಸಿಕ್ಕಿದ್ದು ಕೆಸರು. ಸೊಂಟದವರೆಗೆ ಹೂತು, ಹೇಗೋ ಎದ್ದು, ಅರಮನೆಯ ಕಡೆ ಹೋದ ಆನೆಲದ್ದಿಯ ಜಾಡು ಹಿಡಿದು ಸೂಜವ್ವ ಉಗ್ರಾಣ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಒಳಗೆ ಹೊಂಚಪ್ಪನ ದನಿ ಕೇಳಿಸಿತು.

“ಹಳ್ಳದ ದಂಡೆ ಸ್ವಾಮಿ, ಹುಣಸೆಮರದ ಪಕ್ಕ. ಕಷ್ಟಪಟ್ಟು ಬೆಳೆದ ಅವರೆಯೆಲ್ಲ ಕೊಳೆತುಹೋಯಿತು,” ಎಂದು ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

“ಆ ಹೊಲ ನನ್ನದು,” ಎಂದಳು ಸೂಜವ್ವ ಬಾಗಿಲಲ್ಲೇ ನಿಂತು.

ನರಿ ಅವಳ ಕೆಸರು ಮೈ ನೋಡಿ ನಕ್ಕ. “ಯಾವುದೋ ಗುಂಡಿಯಿಂದ ಎದ್ದು ಬಂದವಳೆ. ಇವಳ ಮಾತು ನಂಬ್ತೀರಾ ಸ್ವಾಮಿ?”

ಉಗ್ರಾಣದ ಯಜಮಾನ ಮುದಿಕರಡಿ ಕೈಯೆತ್ತಿದ. “ಜಗಳ ಬೇಡ. ಹೊಲದ ಕೆಲಸದಲ್ಲಿ ನಿಮಗೆ ಯಾರ ಋಣವಿದೆ, ಅಷ್ಟು ಹೇಳಿ.”

ಋಣವಿಲ್ಲದವನಿಗೇ ಮರ್ಯಾದೆ ಹೆಚ್ಚು ಎಂದುಕೊಂಡು ನರಿ ಎದೆ ಸೆಟೆಸಿದ. “ಯಾರದೂ ಇಲ್ಲ. ಒಬ್ಬನೇ ಉತ್ತೆ, ಒಬ್ಬನೇ ಬಿತ್ತಿದೆ, ಒಬ್ಬನೇ ಕಳೆ ಕಿತ್ತೆ. ಯಾರ ಹಂಗೂ ನನಗಿಲ್ಲ.”

ಸೂಜವ್ವ ತಲೆಯೆತ್ತಿಯೇ ಹೇಳಿದಳು. “ನನಗೆ ಬೇಕಾದಷ್ಟಿದೆ. ಉತ್ತು ಕೊಟ್ಟವನು ಹೆಗ್ಗಣ. ಅವನಿಗೆ ಬಣವೆ ಒಟ್ಟಿಕೊಟ್ಟು ಮುಯ್ಯಿ ತೀರಿಸಿದೆ. ಹೋದ ಮಳೆಗಾಲದಲ್ಲಿ ನಾನು ಜ್ವರ ಬಂದು ಮಲಗಿದ್ದಾಗ ಕಳೆ ಕಿತ್ತವಳು ಗೌಜುಗದಕ್ಕ. ಅವಳ ಹೊಲದಲ್ಲಿ ನಾನು ದುಡಿದು ಕೊಡೋದು ಇನ್ನೂ ಬಾಕಿ.”

ಪರಿಹಾರಕ್ಕೆಂದು ಸಾಲಿನಲ್ಲಿ ನಿಂತಿದ್ದ ಗೌಜುಗದಹಕ್ಕಿ ಮುಂದೆ ಬಂದಳು. “ಬಾಕಿ ಇರೋದು ನಿಜ ಸ್ವಾಮಿ. ಮರೆತೇಬಿಟ್ಟಳೇನೋ ಅಂದ್ಕೊಂಡಿದ್ದೆ.”

ಕರಡಿ ರಾಗಿ ಮೂಟೆಯನ್ನು ಸೂಜವ್ವನ ಮುಂದಿಟ್ಟ. “ಭಿಕ್ಷೆ ಅಂದ್ಕೋಬೇಡ ತಾಯಿ. ನಿಮ್ಮಂಥವರು ಬೆಳೆದದ್ದು ತಿಂದೇ ಈ ಕಾಡು ಬದುಕಿರೋದು.” ಆಮೇಲೆ ನರಿಯ ಕಡೆ ತಿರುಗಿದ. “ಒಬ್ಬನೇ ಹೊಲ ಮಾಡಿದವನನ್ನ ನಾನಂತೂ ಕಂಡಿಲ್ಲ. ನೀನು ಮಾಡಿ ತೋರಿಸು. ಉಗ್ರಾಣದ ಹಿಂದೆ ಮುಳ್ಳುಪೊದೆ ತುಂಬಿ ಬೀಳು ಬಿದ್ದ ನೆಲ ಇದೆ.”

ನರಿ ಮುಳ್ಳು ಕಡಿದ, ಕಲ್ಲು ಹೊತ್ತ. ಆಗಾಗ ಬೆನ್ನು ಹಿಡಿದುಕೊಂಡು ದಾರಿ ನೋಡಿದ. ಅವನು ಯಾರ ಹೊಲಕ್ಕೂ ದುಡಿಯಲು ಹೋದವನಲ್ಲ. ಯಾರೂ ಬರಲಿಲ್ಲ.

ಮರುದಿನ ಬೆಳಗ್ಗೆ ಸೂಜವ್ವ ತನ್ನ ಮೂಟೆ ಬಿಚ್ಚುವ ಮೊದಲೇ ಗೌಜುಗದಕ್ಕನ ಹೊಲಕ್ಕೆ ನಡೆದಳು. ಕೊಯ್ದುಳಿದ ಹಳೆಯ ಕೂಳೆಯನ್ನೆಲ್ಲ ಕಿತ್ತು, ನೆಲ ಹಸನು ಮಾಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದಳು. “ತೀರಿತೇನಕ್ಕ?”

“ತೀರಿತು. ನಾಳೆ ನಿನ್ನ ಬಿತ್ತನೆಗೆ ನಾನು ಬರ್ತೀನಿ,” ಎಂದಳು ಗೌಜುಗದಕ್ಕ.

ನೀತಿ: ಜೊತೆಗೆ ದುಡಿದವರ ಋಣವನ್ನು ಒಪ್ಪಿಕೊಳ್ಳುವುದು ಅವಮಾನವಲ್ಲ, ಹೆಮ್ಮೆ. ಇನ್ನೊಬ್ಬರ ದುಡಿಮೆಯನ್ನು ತನ್ನದೆಂದು ಹೇಳಿಕೊಂಡವನು ಕೊನೆಗೆ ಒಂಟಿಯಾಗುತ್ತಾನೆ.