ಅರ್ಥ್ ಇಲ್ಲದ ಮನೆ

ಆಶ್ರಮ ಎಂದರೆ ಕಾಡು, ಜಿಂಕೆ, ಪರ್ಣಕುಟಿ ಎಂದುಕೊಳ್ಳಬೇಡಿ. ಇದು ಹರಿಹರದ ಅಂಚಿನ ಹಳೆಯ ಬಡಾವಣೆಯಲ್ಲಿ, ಹೊಳೆಯ ಮಗ್ಗುಲಿಗಿದ್ದ ಒಂದು ಹೆಂಚಿನ ಮನೆ. ಯಾರೋ ಭಕ್ತರು ಬಿಟ್ಟುಕೊಟ್ಟದ್ದು.

ಗೋಡೆಯ ಮೇಲೆ ಮರದ ಪಟ್ಟಿ, ಪಟ್ಟಿಯೊಳಗೆ ವೈರು, ತುದಿಯಲ್ಲಿ ಗುಂಡನೆಯ ಕಪ್ಪು ಸ್ವಿಚ್ಚು. ಒಂದೆರಡು ಬಲ್ಬಿಗೆಂದು ಎಳೆದ ವೈರಿಗೆ ಆಮೇಲೆ ಫ್ಯಾನು ಬಂತು, ಮಿಕ್ಸಿ ಬಂತು, ಗೀಸರ್ ಬಂತು. ವೈರು ಮಾತ್ರ ಅದೇ.

ಅಲ್ಲಿ ಇದ್ದವರು ಇಬ್ಬರೇ. ಗುರು ಮರುಳಜ್ಜ, ಶಿಷ್ಯ ಹಾಲೇಶ.

ಹಾಲೇಶ ನಡುವಯಸ್ಸಿನವನು. ಹೆಂಡತಿ ತೀರಿಕೊಂಡ ಮೇಲೆ ಮನೆಗೆ ಬೀಗ ಹಾಕಿ ಬಂದಿದ್ದ. ಅಚ್ಚುಕಟ್ಟಿನ ಮನುಷ್ಯ. ಬಂದ ಹೊಸದರಲ್ಲೇ ಹಿತ್ತಲಿನ ಕೆಸರು ನೋಡಿ ಮೂಗು ಮುರಿದ. ಅಲ್ಲೊಂದು ಇಟ್ಟಿಗೆಯ ಗುಂಡಿ, ಪಾತ್ರೆ ತೊಳೆದ ನೀರೆಲ್ಲ ಅದಕ್ಕೇ ಹೋಗುತ್ತಿತ್ತು. ಗುಂಡಿ ಮುಚ್ಚಿಸಿ, ಮೇಲೆ ಸಿಮೆಂಟು ಹಾಕಿಸಿ, ಹಿತ್ತಲನ್ನು ಊಟದ ತಟ್ಟೆಯ ಹಾಗೆ ಮಾಡಿಸಿದ.

ಅಜ್ಜ ನೋಡಿದರು.

"ಚೆಂದ ಆತು. ನೀರು ಎತ್ತಾಗ ಹೋಗ್ಬೇಕು?"

"ಬೀದಿಗೆ, ಬುದ್ಧಿ."



ಬೇಸಿಗೆ ಬಂತು. ಒಂದು ದಿನ ಅಜ್ಜ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಹಾಲೇಶ ಎದುರಿಗೆ ಬಂದು ಕೈಮುಗಿದ.

"ಬುದ್ಧಿ, ನನಗೆ ಮೌನದೀಕ್ಷೆ ಕೊಡ್ರಿ."

"ಎಲ್ಲೀ ತನಕ?"

"ಇರೋ ತನಕ."

"ಯಾರ ಮೇಲಪಾ ಸಿಟ್ಟು?"

"ಸಿಟ್ಟಿಲ್ಲ. ಮಾತಾಡಾಕೆ ಯಾರೂ ಇಲ್ಲ."

ಅಜ್ಜ ಒಂದು ಹುಳುಕು ಎಲೆ ಕಿತ್ತು ಪಕ್ಕಕ್ಕಿಟ್ಟರು.

"ಗೀಸರ್ ಹಾಕಿ ಬಚ್ಚಲದ ನಲ್ಲಿ ಮುಟ್ಟಿ ಬಾ."

ಹಾಲೇಶ ಹೋಗಿ ಮುಟ್ಟಿದ. ಬೆರಳಿನಿಂದ ಮೊಣಕೈವರೆಗೆ ಇರುವೆ ಹರಿದಂತಾಯಿತು. ಕೈ ಕೊಡವುತ್ತ ಬಂದ.

"ಏನಂತು?"

"ಜುಮ್ ಅಂತು, ಬುದ್ಧಿ."

"ಮುಂಜಾನೆ ಹಾಲಿನ ಕೆಂಚಮ್ಮ ನಿನ್ನ ಹೆಂಗಿದೀಯಪಾ ಅಂತ ಕೇಳಿದ್ಲು. ನೀ ಏನಂದಿ?"

"ಹಾಲು ಅಳೆದು ಹೋಗು ಅಂದೆ."

"ಪಾಪ, ಆಕಿಗೂ ಜುಮ್ ಅಂದಿರ್ಬೇಕು. ಹೋಗು, ವೈರ್‌ಮನ್ ಕರ್ಸು."

ದೀಕ್ಷೆ ಕೊಡುತ್ತೇನೆ ಅನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಕಾಯುವುದೇಕೆ, ರೂಢಿಯಾದರೂ ಆಗಲಿ ಎಂದು ಹಾಲೇಶ ಮರುದಿನದಿಂದ ತಾನಾಗಿಯೇ ಬಾಯಿ ಮುಚ್ಚಿದ. ಅವನಿಗೆ ಅದೇನೂ ಕಷ್ಟವಾಗಲಿಲ್ಲ.

ವೈರ್‌ಮನ್ ಜಬೀವುಲ್ಲಾ ಬಂದಾಗ ಅಜ್ಜ ಹೊಳೆಗೆ ಹೋಗಿದ್ದರು. ಅವನು ಗೀಸರ್ ಹಾಕಿ ನಲ್ಲಿಗೆ ಟೆಸ್ಟರ್ ಹಚ್ಚಿದ. ಟೆಸ್ಟರಿನ ದೀಪ ಹತ್ತಿತು.

"ಎಲ್ಲಾ ಐತಿ, ಆದ್ರೆ ಅರ್ಥ್ ಇಲ್ಲ" ಅಂದ.

ಹಾಲೇಶನಿಗೆ ಅದು 'ಅರ್ಥ ಇಲ್ಲ' ಎಂದು ಕೇಳಿಸಿತು. ತನ್ನ ಬದುಕಿನ ವಿಷಯ ಇವನಿಗೆ ಯಾರು ಹೇಳಿದರು?

"ಈ ಮನೆಗೆ ರೀ" ಅಂದ ಜಬೀವುಲ್ಲಾ, ಅವನ ಮುಖ ನೋಡಿ. "ಅರ್ಥ್ ಅಂದ್ರೆ ಭೂಮಿ. ಗೀಸರ್ ಒಳಗೆ ಕರೆಂಟು ದಾರಿ ತಪ್ಪಿದ್ರೆ ಒಂದು ತಂತಿ ಹಿಡ್ಕೊಂಡು ಮಣ್ಣಿಗೆ ಇಳಿದುಬಿಡ್ಬೇಕು. ಇಳಿಯಾಕೆ ಜಾಗ ಇಲ್ಲಂದ್ರೆ, ಮುಟ್ಟಿದೋರ ಮೈಯಾಗೆ ಇಳಿತೈತಿ."

ಅವನು ತಂತಿಯ ಜಾಡು ಹಿಡಿದು ಹಿತ್ತಲಿಗೆ ಹೋದ. ನುಣ್ಣನೆಯ ಸಿಮೆಂಟನ್ನು ಹಿಮ್ಮಡಿಯಿಂದ ಕುಟ್ಟಿದ.

"ಅರ್ಥ್ ಗುಂಡಿ ಇದರ ಕೆಳಗೈತಿ. ಯಾರೋ ಪುಣ್ಯಾತ್ಮರು ಮುಚ್ಚಿಸ್ಯಾರೆ. ನೀರು ಬೀಳ್ದೆ ಒಳಗೆಲ್ಲ ಒಣಗೈತಿ."

ಪುಣ್ಯಾತ್ಮ ಪಕ್ಕದಲ್ಲೇ ನಿಂತಿದ್ದ.

"ನಾಳೆ ಬಂದು ಇದನ್ನ ಒಡೆಯಾಣ. ಆಮ್ಯಾಲೆ ವೈರೆಲ್ಲ ಹೊಸದು ಎಳೆದು, ಶಾಕ್ ಹೊಡೆದ್ರೆ ತಾನೇ ಬೀಳೋ ಸ್ವಿಚ್ ಕೂಡಿಸ್ತೀನಿ. ಅಲ್ಲೀ ತನಕ ಗೀಸರ್ ಹಾಕಬ್ಯಾಡ್ರಿ. ಅಜ್ಜಾರಿಗೂ ಹೇಳ್ರಿ, ಮರೀಬ್ಯಾಡ್ರಿ."

ಹಾಲೇಶ ತಲೆಯಾಡಿಸಿದ.

ಸಂಜೆ ಅಜ್ಜ ಬಂದರು. ಇಬ್ಬರೂ ಊಟಕ್ಕೆ ಕೂತರು. ಮಾತು ಅವನ ನಾಲಿಗೆಯ ತುದಿಗೆ ಬಂತು. ಒಂದು ಮಾತಿಗಾಗಿ ವ್ರತ ಕೆಡಿಸಿಕೊಳ್ಳುವುದೇಕೆ, ಗೀಸರ್ ಹಾಕುವವನು ತಾನೇ ಅಲ್ಲವೇ, ಹಾಕದಿದ್ದರಾಯಿತು ಎಂದುಕೊಂಡ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಅವನು ಬಂಗಾರವನ್ನೇ ಇಟ್ಟುಕೊಂಡ.

ಊಟದ ನಡುವೆ ಅವನು ಎರಡು ಸಲ ಕೆಮ್ಮಿದ. ಅಜ್ಜ ಅವನನ್ನೊಮ್ಮೆ ನೋಡಿದರು.

ಚಾಪೆಯ ಮೇಲೆ ಉರುಳಿದಾಗ ಎಂದಿನಂತೆ ನೀಲವ್ವ ನೆನಪಾದಳು. ಅವಳಿದ್ದಾಗ ದಿನಾ ಬೆಳಗಾದರೆ ಬಚ್ಚಲ ಕಡೆಯಿಂದ ಒಂದು ಕೂಗು ಬರುತ್ತಿತ್ತು: "ನೀರು ಕಾದಾವು, ಏಳ್ರಿ." ಅಷ್ಟೇ. ಅವಳು ಹೋದ ಮೇಲೆ ಆ ಕೂಗಿಲ್ಲದ ಬೆಳಗುಗಳಲ್ಲಿ ಅವನಿಗೆ ಏಳುವುದು ಯಾಕೆಂದೇ ತಿಳಿಯುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಂದಿ ಎದುರು ಹೇಳಿಕೊಳ್ಳಲು ಅದು ತೀರ ಸಣ್ಣ ಸಂಗತಿ ಅನಿಸುತ್ತಿತ್ತು. ಅಷ್ಟು ಸಣ್ಣದು ಹೋದದ್ದಕ್ಕೆ ಇಷ್ಟು ದೊಡ್ಡ ಊರು ಖಾಲಿಯಾಗಿತ್ತು.

ಬೆಳಗಾಯಿತು.

"ನೀರು ಕಾದಾವು, ಏಳಪಾ."

ನಿದ್ದೆಯಲ್ಲೇ ಹಾಲೇಶನ ಮುಖ ಅರಳಿತು. ಹಳೆಯ ಅಭ್ಯಾಸದಂತೆ ಇನ್ನೊಂದು ಮಗ್ಗುಲಿಗೆ ಹೊರಳಿದ.

ಬಚ್ಚಲಲ್ಲಿ ತಂಬಿಗೆ ಬಿದ್ದ ಸದ್ದಾಯಿತು.

ಎದ್ದು ಓಡಿದ. ಅಜ್ಜನ ಕೈ ನಲ್ಲಿಗೆ ಕಚ್ಚಿಕೊಂಡಿತ್ತು. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಹಿಡಿದು ಎಳೆಯಲು ಹಾಲೇಶ ಕೈ ಚಾಚಿದ. ಮುಟ್ಟಿದೋರ ಮೈಯಾಗೆ ಇಳಿತೈತಿ ಎಂಬುದು ನೆನಪಾಯಿತು. ತಿರುಗಿ ಪಡಸಾಲೆಗೆ ಓಡಿದ.

"ನೀಲಾ!"

ಬೀದಿಗೆಲ್ಲ ಕೇಳುವಂತೆ ಕೂಗಿಬಿಟ್ಟಿದ್ದ. ಕೂಗುತ್ತಲೇ ಮೇನ್ ಸ್ವಿಚ್ ಎಳೆದ.

ಮರಳಿ ಬಂದಾಗ ಅಜ್ಜ ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಕೂಗು ಕೇಳಿ ಬಂದ ಪಕ್ಕದ ಮನೆಯವರು ಡಾಕ್ಟರನ್ನು ಕರೆತಂದರು. ಡಾಕ್ಟರು ಎದೆ, ನಾಡಿ ನೋಡಿ, ಬೆರಳಿಗೆ ಔಷಧ ಹಚ್ಚಿ, ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿ ಹೋದರು.

ಹಾಲೇಶ ಅಜ್ಜನ ಕಾಲು ಹಿಡಿದುಕೊಂಡ.

"ತಪ್ಪಾತು, ಬುದ್ಧಿ. ಗೀಸರ್ ಹಾಕಬ್ಯಾಡ್ರಿ ಅಂತ ಅವ ಹೇಳಿದ್ದ. ನಾ ನಿಮಗೆ ಹೇಳ್ಲಿಲ್ಲ. ಮೌನದಾಗಿದ್ದೆ."

"ಕೆಮ್ಮತಿದ್ದೆಲ್ಲ, ಬಿಸಿನೀರು ಆಗ್ಲಿ ಅಂತ ನಾನೇ ಹಾಕಿದೆ. ವೈರ್‌ಮನ್ ಬಂದು ಹೋದ ಅಂತ ಪಕ್ಕದ ಮನೆಯೋರು ಅಂದಿದ್ರು, ಸರಿ ಆಗೇತಿ ಅಂದ್ಕೊಂಡೆ. ಮತ್ತೇನು ಹೇಳಿದ ಅವ?"

"ಈ ಮನೆಗೆ ಅರ್ಥ್ ಇಲ್ಲ ಅಂದ."

ಆ ನಡುಕದಲ್ಲೂ ಅಜ್ಜನಿಗೆ ನಗು ಬಂತು.

"ನೋಡು, ಇಷ್ಟು ವರ್ಷ ಬಂದೋರಿಗೆಲ್ಲ ಅರ್ಥ ಹೇಳ್ತಾ ಕುಂತಿದ್ದೆ. ಕುಂತ ಮನಿಗೇ ಇರ್ಲಿಲ್ಲ."

ಹಾಲೇಶನಿಗೆ ನಗಲಾಗಲಿಲ್ಲ.

ಜಬೀವುಲ್ಲಾ ಬರುವಷ್ಟರಲ್ಲಿ ಅವನೇ ಹಾರೆ ಹಿಡಿದು ಹಿತ್ತಲಿಗಿಳಿದಿದ್ದ. ಕೈಯಾರೆ ಹಾಕಿಸಿದ ಸಿಮೆಂಟನ್ನು ಕೈಯಾರೆ ಒಡೆದ. ಕೆಳಗಿನ ಮಣ್ಣು ಬೂದಿಯಂತೆ ಉದುರಿತು. ಜಬೀವುಲ್ಲಾ ಹೊಸ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಹಾಕಿ, ಹೊಸ ತಂತಿ ಬಿಗಿದ.

"ಗುಂಡಿಗೆ ದಿನಾ ನೀರು ಹಾಕ್ರಿ" ಅಂದ. "ಒಣಗಿದ್ರೆ ಅರ್ಥ್ ಇದ್ದೂ ಇಲ್ದಂಗೆ."

ಇಷ್ಟು ಹೇಳಿ ವೈರು ಎಳೆಯಲು ಒಳಗೆ ಹೋದ.

ಅಜ್ಜ ಗುಂಡಿಯ ಪಕ್ಕ ಮಣೆ ಹಾಕಿಸಿಕೊಂಡು ಕೂತರು. ಹಾಲೇಶ ಕೊಡ ತಂದಿಟ್ಟ. ಅಂಗೈ ಬೊಬ್ಬೆ ಎದ್ದಿತ್ತು, ಪಂಚೆಯೆಲ್ಲ ಮಣ್ಣಾಗಿತ್ತು.

"ನೀಲಾ ಅಂದ್ರೆ ಯಾರಪಾ?"

"ನನ್ನ ಹೆಂಡ್ತಿ, ಬುದ್ಧಿ."

ಹಾಲೇಶ ಅಂಗೈಯ ಮಣ್ಣು ಪಂಚೆಗೆ ಒರೆಸಿಕೊಂಡ.

"ನೀರು ಕಾದಾವು ಅಂತ ಮುಂಜಾನೆ ಕೂಗಿದ್ರೆಲ್ಲ, ಆಕಿನೂ ದಿನಾ ಹಂಗೇ ಕೂಗತಿದ್ಲು. ನಾ ಒಂದು ದಿನಾನೂ ಕರೆದ ಕೂಡ್ಲೆ ಏಳ್ಲಿಲ್ಲ. ನೀರು ಆರಿದ ಮ್ಯಾಲೆ ಎದ್ದು, ತಣ್ಣಗದಾವೆ ಅಂತ ಆಕಿ ಮ್ಯಾಲೇ ಹರಿಹಾಯ್ತಿದ್ದೆ."

"ಆಕಿ ಏನಂತಿದ್ಲು?"

"ಏನೂ ಅಂತಿರ್ಲಿಲ್ಲ. ಮತ್ತೆ ಕಾಯಿಸ್ತಿದ್ಲು."

ಒಳಗೆ ಜಬೀವುಲ್ಲಾ ಹಳೆಯ ಮರದ ಪಟ್ಟಿ ಕೀಳುತ್ತಿದ್ದ ಸದ್ದು ಕೇಳುತ್ತಿತ್ತು.

"ಆಕಿನ ಮಣ್ಣು ಮಾಡಿದ ದಿನ ಎಲ್ರೂ ಬಂದಿದ್ರು, ಬುದ್ಧಿ. ಧೈರ್ಯ ತಂದ್ಕೋ, ಧೈರ್ಯ ತಂದ್ಕೋ ಅಂದ್ರು. ತಂದ್ಕೊಂಡೆ. ಅವತ್ತಿಂದ ಹಂಗೇ ಹೊತ್ಕೊಂಡೇ ತಿರುಗ್ತಿದೀನಿ. ಎಲ್ಲಿ ಇಳಿಸ್ಬೇಕು ಅಂತ ಯಾರೂ..."

ಅಷ್ಟು ದಿನ ಒಣಗಿದ್ದ ಕಣ್ಣು ತುಂಬಿ ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಗೋಡೆಯ ಕಡೆ ತಿರುಗಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಅಜ್ಜ ಆ ಟವೆಲ್ಲು ಹಿಡಿದು ಮೆಲ್ಲಗೆ ಎಳೆದರು.

"ಆ ಕಡೆ ಯಾಕಪಾ ತಿರುಗ್ತಿ? ಇಲ್ಲೇ ಬಗ್ಗು. ಗುಂಡಿಗೆ ನೀರು ಬೇಕಂತೆ."